ಕನ್ಸರ್ಟ್ ಸಿನಿಮಾ: ಸುಮ್ನೆ ಕೂತು ನೋಡೋದಾ, ಎದ್ದು ಹಾಡೋದಾ?

ಹಿಂದಿನಸಾಲು:
ನನಗೆ ತುಂಬಾ ಇಷ್ಟವಾದ ಗಾಯಕಿಯೊಬ್ಬರ ಟೂರ್ ಸಿನಿಮಾ, ಅಂದರೆ ಸ್ಟೇಜ್ ಶೋವನ್ನೇ ಶೂಟ್ ಮಾಡಿದ ಕನ್ಸರ್ಟ್ ಸಿನಿಮಾ, ಮುಂದಿನ ತಿಂಗಳು ಥಿಯೇಟರ್‌ಗೆ ಬರುತ್ತಿದೆ. ಟೂರ್ ಟಿಕೆಟ್ ಅಂತೂ ಕೈಗೆ ಸಿಗುವ ಮಾತೇ ಇರಲಿಲ್ಲ. ಇದನ್ನಾದರೂ ನೋಡೋಣ ಅಂದುಕೊಂಡಿದ್ದೇನೆ. ಆದರೆ ಇಂಥ ಸಿನಿಮಾಗೆ ಹೋಗಿ ಬಂದವರ ಮಾತು ಕೇಳಿದರೆ ತಲೆ ಕೆಡುತ್ತದೆ. ಒಬ್ಬರು "ಹಾಲ್ ತುಂಬಾ ಕುಣಿತ, ಮಜಾ ಬಂತು" ಅಂತಾರೆ. ಇನ್ನೊಬ್ಬರು "ಒಂದು ಸಾಲೂ ನೆಟ್ಟಗೆ ಕೇಳಿಸಲಿಲ್ಲ" ಅಂತಾರೆ. ನಾನು ಸುಮ್ನೆ ಕೂತು ಹಾಡು ಕೇಳುವ ಪೈಕಿ. ಹೆಚ್ಚೆಂದರೆ ಕಾಲು ಅಲ್ಲಾಡಿಸುತ್ತೇನೆ. ನನ್ನಂಥವರಿಗೆ ಇದು ಸರಿಹೋಗುತ್ತಾ? ಅಥವಾ ಓಟಿಟಿಗೆ ಬರುವ ತನಕ ಕಾದು, ಹೆಡ್‌ಫೋನ್ ಹಾಕಿಕೊಂಡು ನೋಡಲಾ?

ಗೀಜಗ:
ಕಾಯಬೇಡಿ, ಹೋಗಿ. ಮನೆಯಲ್ಲಿ ನೋಡಿದರೆ ಅದು ಬರೀ ಒಂದು ಉದ್ದದ ವಿಡಿಯೋ. ನಾನು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್‌ರ ಎರಾಸ್ ಟೂರ್ ಸಿನಿಮಾವನ್ನ ಮೊದಲ ವಾರಾಂತ್ಯದಲ್ಲೇ ನೋಡಿದ್ದೆ. ಲೈಟ್ ಆರುವ ಮುಂಚೆಯೇ ಅರ್ಧ ಹಾಲ್ ಪರಿಚಯ ಆಗಿಹೋಗಿತ್ತು. ಆಕೆಯ ಫ್ಯಾನ್‌ಗಳು ಅಕ್ಷರದ ಮಣಿ ಪೋಣಿಸಿದ ಬಳೆಗಳನ್ನ ಅದಲುಬದಲು ಮಾಡಿಕೊಳ್ಳುತ್ತಾರಲ್ಲ, ಅದಕ್ಕೆ ಜನ ಸಾಲಿಂದ ಸಾಲಿಗೆ ದಾಟಿ ಬರುತ್ತಿದ್ದರು. ನನಗೆ ಸಿಕ್ಕ ಬಳೆಯಲ್ಲಿ ಹಾಡಿನ ಹೆಸರಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಕೊಟ್ಟ ಹುಡುಗಿ "ಅಷ್ಟೊತ್ತಿಗೆ ಆ ಮಣಿ ಖಾಲಿ" ಅಂತ ನಕ್ಕಳು.

ಮೊದಲ ಎರಡು ಹಾಡಿಗೆ ಎಲ್ಲರೂ ಅಕ್ಕಪಕ್ಕ ನೋಡಿಕೊಂಡು ಕೂತಿದ್ದರು. ಎದ್ದರೆ ಯಾರಾದರೂ ಬೈತಾರೇನೋ ಅನ್ನೋ ಅಳುಕು. ಆಮೇಲೆ ಮುಂದಿನ ಸಾಲಲ್ಲಿ ಒಬ್ಬಳು ಎದ್ದಳು. ಮುಗೀತು, ಕೊನೇವರೆಗೂ ಅಲ್ಲಿ ಯಾರೂ ಕೂರಲಿಲ್ಲ.

ತಾಳತಪ್ಪಿದವ:
ಗೀಜಗ ಅವರೇ, ನಿಮ್ಮ ಹಿಂದಿನ ಸಾಲಲ್ಲಿ ಕೂತಿದ್ದವರ ಪಾಡು ಏನಾಗಿತ್ತು ಅಂತ ಕೇಳಿದ್ದೀರಾ? ನನ್ನನ್ನ ನನ್ನ ತಂಗಿ ಎಳೆದುಕೊಂಡು ಹೋಗಿದ್ದಳು. ನಾನು ಫ್ಯಾನ್ ಅಲ್ಲ, ವೈರಿಯೂ ಅಲ್ಲ. ದುಡ್ಡು ಕೊಟ್ಟಿದ್ದು ಸ್ಟಾರ್ ಹಾಡು ಕೇಳೋಕೆ. ಕೇಳಿದ್ದು ನನ್ನ ಬಲಗಿವಿಯ ಹಿಂದೆ ಕೂತಿದ್ದ ಪುಣ್ಯಾತ್ಮನದು. ಹಾಡಿನ ಸಾಲು ಬಿಡಿ, ಗಿಟಾರ್ ಬಿಟ್‌ಗಳನ್ನೂ ಬಾಯಲ್ಲೇ ನುಡಿಸಿದ.

ಗೀಜಗ:
ಹಹ್ಹ, ಅದು ಮಾತ್ರ ಅತಿ ಆಯ್ತು. ಆದರೂ ಆ ಸಿನಿಮಾದ ವಿಷಯದಲ್ಲಿ ಹಾಡೋರನ್ನ ಬೈಯುವ ಹಾಗಿಲ್ಲ. ಡ್ರೆಸ್ ಮಾಡಿಕೊಂಡು ಬನ್ನಿ, ಬಳೆ ತನ್ನಿ, ಹಾಡಿ, ಕುಣಿಯಿರಿ ಅಂತ ಸ್ವಿಫ್ಟ್ ಅವರೇ ಮೊದಲೇ ಕರೆದಿದ್ದರು. ಅಮೆರಿಕದಲ್ಲಿ ಅದನ್ನ ಬಿಡುಗಡೆ ಮಾಡಿದ ಎಎಂಸಿ ಥಿಯೇಟರ್‌ನವರೂ ಹಾಡಿ ಕುಣಿಯಿರಿ ಅಂದಿದ್ದರು. ಸೀಟಿನ ಮೇಲೆ ಹತ್ತಬೇಡಿ, ಬೇರೆಯವರಿಗೆ ಅಡ್ಡ ನಿಲ್ಲಬೇಡಿ, ಅಷ್ಟೇ.

ಪರದೆಹಿಂದೆ:
ಥಿಯೇಟರ್‌ನಲ್ಲಿ ಪ್ರೊಜೆಕ್ಷನ್, ಸೌಂಡ್ ನೋಡಿಕೊಳ್ಳುವ ಕೆಲಸ ನನ್ನದು. ತಾಳತಪ್ಪಿದವರ ದೂರಿನಲ್ಲಿ ಅರ್ಧ ತಪ್ಪು ಹಿಂದೆ ಕೂತವನದು. ಇನ್ನರ್ಧ ವಾಲ್ಯೂಮ್‌ದು.

ಥಿಯೇಟರ್ ಸೌಂಡ್‌ಗೆ ಒಂದು ಅಳತೆ ಇದೆ. ಪರದೆಯ ಹಿಂದಿರುವ ಒಂದೊಂದು ಚಾನೆಲ್‌ನಿಂದ, ಅಂದರೆ ಎಡ, ನಡು, ಬಲದ ಸ್ಪೀಕರ್‌ಗಳಿಂದ, ಪರೀಕ್ಷೆಯ ಸದ್ದು ಹಾಕಿದಾಗ ಕೂರುವ ಜಾಗದಲ್ಲಿ 85 ಡೆಸಿಬಲ್ ಬರಬೇಕು. ಜೋರಾದ ಕ್ಷಣಗಳಿಗೆ ಅದರ ಮೇಲೆ ಇನ್ನೂ 20 ಡೆಸಿಬಲ್ ಜಾಗ ಇರುತ್ತದೆ. ಸಿನಿಮಾದ ಮಿಕ್ಸಿಂಗ್ ಮಾಡುವವರು ಇದೇ ಅಳತೆ ಇಟ್ಟುಕೊಂಡು ಮಾಡುತ್ತಾರೆ. ಥಿಯೇಟರ್ ಸೌಂಡ್ ನಿಯಂತ್ರಿಸುವ ಡಾಲ್ಬಿ ಪ್ರೊಸೆಸರ್‌ನ ವಾಲ್ಯೂಮ್‌ನಲ್ಲಿ ಅದು 7ನೇ ಗುರುತು. ಆದರೆ ಎಷ್ಟೋ ಹಾಲ್‌ಗಳು 5ರ ಹತ್ತಿರ ಇಟ್ಟುಕೊಂಡಿರುತ್ತವೆ. ಟ್ರೇಲರ್ ಜೋರಾಯ್ತು, ಜಾಹೀರಾತು ಜೋರಾಯ್ತು ಅಂತ ಯಾರೋ ದೂರು ಕೊಟ್ಟಿರುತ್ತಾರೆ, ಇಳಿಸಿದ್ದನ್ನ ವಾಪಸ್ ಏರಿಸುವವರು ಯಾರೂ ಇರುವುದಿಲ್ಲ. ಮಾತಿನ ಸಿನಿಮಾಗೆ ಅದು ನಡೆಯುತ್ತೆ. ಕನ್ಸರ್ಟ್ ಸಿನಿಮಾಗೆ ನಡೆಯಲ್ಲ. ಹಾಲ್ ತುಂಬಾ ಜನ ಹಾಡುತ್ತಿರುವಾಗ 5ರಲ್ಲಿ ಓಡಿಸಿದರೆ ಸ್ಟಾರ್ ಸೋಲುತ್ತಾರೆ, ಹಿಂದಿನ ಸೀಟಿನವನು ಗೆಲ್ಲುತ್ತಾನೆ.

ಹಾಗೆ ಅನಿಸಿದರೆ ಎರಡನೇ ಹಾಡಿನೊಳಗೆ ಎದ್ದು ಹೋಗಿ ಸಿಬ್ಬಂದಿಗೆ ಹೇಳಿ. ಮುಗಿದ ಮೇಲೆ ಸ್ಟಾರ್ ರೇಟಿಂಗ್ ಕಡಿಮೆ ಕೊಟ್ಟರೆ ಏನು ಪ್ರಯೋಜನ?

ಹಿಂದಿನಸಾಲು:
ಇದು ಗೊತ್ತೇ ಇರಲಿಲ್ಲ. ಹಾಗಾದರೆ ಎಲ್ಲಿ ಕೂರಬೇಕು? ನನ್ನ ಹೆಸರೇ ಹೇಳುವ ಹಾಗೆ ನಾನು ಯಾವಾಗಲೂ ಕಟ್ಟಕಡೆಯ ಸಾಲು. ಇನ್ನೊಂದು ಅನುಮಾನ: ಅಲ್ಲಿ ಕೇಳುವ ದನಿ ಅವತ್ತು ವೇದಿಕೆ ಮೇಲೆ ಹಾಡಿದ್ದೇನಾ, ಆಮೇಲೆ ಸ್ಟುಡಿಯೋದಲ್ಲಿ ತಿದ್ದಿದ್ದಾ?

ಪರದೆಹಿಂದೆ:
ಪರದೆಯಿಂದ ಹಿಂದಿನ ಗೋಡೆಗೆ ಇರುವ ದೂರದಲ್ಲಿ ಮೂರನೇ ಎರಡು ಭಾಗ ಹಿಂದಕ್ಕೆ, ನಟ್ಟನಡುವೆ. ಹಾಲ್ ಟ್ಯೂನ್ ಮಾಡುವಾಗ ಮೈಕ್ ಇಡುವುದು ಆ ಸುತ್ತಮುತ್ತಲೇ. ಕಟ್ಟಕಡೆಯ ಸಾಲಿನಲ್ಲಿ ಹಿಂದಿನ ಗೋಡೆಯ ಸ್ಪೀಕರ್ ತಲೆ ಮೇಲೇ ಇರುತ್ತದೆ. ಕನ್ಸರ್ಟ್ ಸಿನಿಮಾಗಳಲ್ಲಿ ಜನರ ಕೂಗನ್ನ ಸಾಮಾನ್ಯವಾಗಿ ಅಕ್ಕಪಕ್ಕದ ಮತ್ತು ಹಿಂದಿನ ಸ್ಪೀಕರ್‌ಗಳಿಗೆ ಹಾಕುತ್ತಾರೆ. ಹಾಗಾಗಿ ಅಲ್ಲಿ ಕೂತರೆ ನಿಮಗೆ ಸ್ಟೇಡಿಯಂನ ಕಿರುಚಾಟ ಮೊದಲು, ಹಾಡು ಆಮೇಲೆ. ಹಾಡು ಬರುವುದು ಪರದೆಯ ಹಿಂದಿನಿಂದ. ಹತ್ತಿರ ಹೋಗಿ ನೋಡಿದರೆ ಪರದೆ ತುಂಬಾ ಸಣ್ಣ ಸಣ್ಣ ತೂತು ಕಾಣುತ್ತದೆ, ದನಿ ಆಚೆ ಬರೋಕೆ.

ದನಿ ವಿಷಯ: ವೇದಿಕೆಯ ಒಂದೊಂದು ಮೈಕೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಆಗುತ್ತದೆ. ಆಮೇಲೆ ಎಲ್ಲಾ ಸೇರಿಸಿ ಮಿಕ್ಸ್ ಮಾಡುತ್ತಾರೆ. ತಿದ್ದುವುದು ಈ ಉದ್ಯಮದಲ್ಲಿ ಮಾಮೂಲು. ಎಷ್ಟು ಅನ್ನುವುದು ಒಂದೊಂದು ಸಿನಿಮಾಗೆ ಒಂದೊಂದು ಥರ. ಇನ್ನೊಂದು, ನೀವು ನೋಡುವುದು ಒಂದು ರಾತ್ರಿಯ ಶೋ ಅಲ್ಲ. ಎರಾಸ್ ಸಿನಿಮಾವನ್ನ 2023ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಹತ್ತಿರದ ಸೋಫೈ ಸ್ಟೇಡಿಯಂನಲ್ಲಿ ಬೇರೆ ಬೇರೆ ರಾತ್ರಿಗಳಲ್ಲಿ ಶೂಟ್ ಮಾಡಿದ್ದು. ಎಲ್ಲಾ ಹೊಲಿದು ಒಂದೇ ರಾತ್ರಿ ಅನ್ನಿಸುವ ಹಾಗೆ ಮಾಡುತ್ತಾರೆ. ಎಡಿಟರ್‌ಗಳಿಗೆ ದೊಡ್ಡ ತಲೆನೋವು ಬಟ್ಟೆ, ಕೂದಲು. ಮೊದಲ ಶಾಟ್‌ನಲ್ಲಿ ಹಣೆಗೆ ಅಂಟಿಕೊಂಡ ಕೂದಲು ಮುಂದಿನ ಶಾಟ್‌ನಲ್ಲಿ ಒಣಗಿದ್ದರೆ ತಕ್ಷಣ ಗೊತ್ತಾಗುತ್ತದೆ.

ತಾಳತಪ್ಪಿದವ:
ಅದಕ್ಕೇ ಹೇಳೋದು, ಇದು ಕನ್ಸರ್ಟೂ ಅಲ್ಲ, ಸಿನಿಮಾನೂ ಅಲ್ಲ. ಇಷ್ಟೆಲ್ಲಾ ಹೊಲಿದು ಕೊಟ್ಟಿದ್ದಕ್ಕೆ ಜನ ಚಪ್ಪಾಳೆ ತಟ್ಟುತ್ತಾರಲ್ಲ, ಯಾರಿಗೆ? ಪರದೆಗೆ ಕೇಳಿಸುತ್ತಾ?

ಗೀಜಗ:
ಹೀರೋ ಎಂಟ್ರಿಗೆ ಶಿಳ್ಳೆ ಹೊಡೆಯುವವರಿಗೆ ಈ ಪ್ರಶ್ನೆ ಯಾರೂ ಕೇಳಲ್ಲ ನೋಡಿ.

ತಾಳತಪ್ಪಿದವ:
ಸರಿ, ಒಂದು ಸಿಳ್ಳೆ ನಿಮಗೆ.

ಮೇಲಿನಮೆಟ್ಟಿಲು:
ನಾನು ಒಂದು ದೊಡ್ಡ ಟೂರ್‌ನ ನಿಜವಾದ ಶೋಗೂ ಹೋಗಿದ್ದೆ, ಅದೇ ಟೂರ್‌ನ ಸಿನಿಮಾನೂ ನೋಡಿದೆ. ಎರಡನ್ನೂ ನೋಡಿದವರ ಲೆಕ್ಕ ಹೇಳುತ್ತೇನೆ.

ಸ್ಟೇಡಿಯಂನಲ್ಲಿ ನನ್ನ ಸೀಟು ಮೇಲಿನ ಅಂತಸ್ತು. ಗಾಯಕಿ ಹೆಬ್ಬೆರಳ ಉಗುರಿನಷ್ಟು ಕಾಣುತ್ತಿದ್ದರು. ಎಲ್ಲರೂ ನೋಡುತ್ತಿದ್ದದ್ದು ದೊಡ್ಡ ಸ್ಕ್ರೀನನ್ನೇ. ಅದರಲ್ಲೂ ತುಟಿಗೂ ದನಿಗೂ ಹೊಂದಿಕೆ ಇಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ 100 ಮೀಟರ್ ದೂರದಲ್ಲಿದ್ದರೆ ಹೆಚ್ಚುಕಮ್ಮಿ ಮೂರನೇ ಒಂದು ಸೆಕೆಂಡ್ ತಡ. ಚಿತ್ರ ಮಾತ್ರ ಕೂಡಲೇ ಬರುತ್ತದೆ. ಡ್ರಮ್ಮರ್ ಕೋಲು ಎತ್ತಿದಾಗ ನಿಮಗೆ ಹೊಡೆತ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ರೂಢಿ ಆಗುತ್ತದೆ, ಆದರೆ ಪೂರ್ತಿ ಮರೆಯೋಕೆ ಆಗಲ್ಲ.

ಸಿನಿಮಾದಲ್ಲಿ ಆ ತೊಂದರೆ ಇಲ್ಲ. ಅದಕ್ಕಿಂತ ಮುಖ್ಯ, ಆ ಮೂರು ಗಂಟೆ ಹಾಡುವುದು ಎಂಥ ಕೂಲಿ ಕೆಲಸ ಅಂತ ಕಾಣುತ್ತದೆ. ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ಮುಂಚೆ ಮೈಕನ್ನ ಒಂದಿಂಚು ಬಾಯಿಂದ ದೂರ ಮಾಡಿ ಉಸಿರು ಎಳೆದುಕೊಳ್ಳುತ್ತಾರೆ. ಕುಣಿಯುತ್ತಲೇ ಬೆನ್ನ ಹಿಂದೆ ಕೈ ಹಾಕಿ ಸೊಂಟಕ್ಕೆ ಸಿಕ್ಕಿಸಿದ ವೈರ್‌ಲೆಸ್ ಪ್ಯಾಕ್ ಸರಿ ಮಾಡಿಕೊಳ್ಳುತ್ತಾರೆ. ಒಂದು ಕಡೆ, ತಮ್ಮ ಹಾಡು ತಮಗೆ ಕೇಳೋಕೆ ಹಾಕಿಕೊಂಡ ಕಿವಿಯೊಳಗಿನ ಮಾನಿಟರನ್ನ ಕಿತ್ತು ಜನ ಹಾಡುವುದನ್ನ ಕೇಳುತ್ತಾರೆ, ಮುಖದಲ್ಲಿ ಏನೋ ಒಂದು ಸಡಿಲ ಆಗುತ್ತದೆ. ಶೋನಲ್ಲಿ ಇದೂ ನಡೆದಿತ್ತು. ನನಗೆ ಕಂಡಿರಲಿಲ್ಲ.

ಕಳೆದುಕೊಂಡಿದ್ದು ಏನು ಅಂದರೆ, ಹಾಡುಗಳು. ಅವಧಿಗೋಸ್ಕರ ಕೆಲವನ್ನ ಕತ್ತರಿಸುತ್ತಾರೆ. ಎರಾಸ್‌ನಲ್ಲೂ ಹಾಗೇ ಆಗಿತ್ತು. ಥಿಯೇಟರ್‌ನಲ್ಲಿ ಎರಡೂ ಮುಕ್ಕಾಲು ಗಂಟೆ ದಾಟಿದ್ದರೂ ಕೆಲವು ಹಾಡು ಇರಲಿಲ್ಲ. 2023ರ ಡಿಸೆಂಬರ್ 13ಕ್ಕೆ, ಆಕೆಯ ಹುಟ್ಟುಹಬ್ಬದ ದಿನ, ಮನೆಯಲ್ಲಿ ನೋಡುವ ಆವೃತ್ತಿ ಬಂದಾಗ ಮೂರು ಹಾಡು ಸೇರಿಸಿದರು.

ಬೂದುಗುಬ್ಬಿ:
ನನಗೆ ಮಾರಾಟದ ಕಡೆ ಕುತೂಹಲ. 2023ರಲ್ಲಿ ಅಮೆರಿಕದಲ್ಲಿ ಬರಹಗಾರರೂ ನಟರೂ ಮುಷ್ಕರ ಕೂತಿದ್ದರು. ದೊಡ್ಡ ಸಿನಿಮಾಗಳು ಮುಂದಕ್ಕೆ ಹೋಗಿ ಥಿಯೇಟರ್‌ಗಳು ಖಾಲಿ ಹೊಡೆಯುತ್ತಿದ್ದ ಹೊತ್ತು. ಸ್ವಿಫ್ಟ್ ಸ್ಟುಡಿಯೋಗಳ ಬಾಗಿಲು ಬಿಟ್ಟು ನೇರವಾಗಿ ಥಿಯೇಟರ್ ಸರಣಿಯ ಜೊತೆ ಒಪ್ಪಂದ ಮಾಡಿಕೊಂಡರು. ಟಿಕೆಟ್ 19.89 ಡಾಲರ್, ಮಕ್ಕಳಿಗೂ ಹಿರಿಯರಿಗೂ 13.13. ಒಂದು ಆಕೆ ಹುಟ್ಟಿದ ವರ್ಷ, ಆಲ್ಬಮ್ ಹೆಸರೂ ಹೌದು. ಇನ್ನೊಂದು ಆಕೆಯ ಲಕ್ಕಿ ನಂಬರ್. ಎರಾಸ್ ಬಂದ ಅಕ್ಟೋಬರ್ 13ಕ್ಕೇ ಬರಬೇಕಿದ್ದ ಒಂದು ದೊಡ್ಡ ಹಾರರ್ ಸಿನಿಮಾ ದಾರಿ ಬಿಟ್ಟು ಒಂದು ವಾರ ಮೊದಲೇ ಬಂದುಬಿಟ್ಟಿತು. ದೆವ್ವವೇ ಹೆದರಿತು ಅನ್ನಿ. ಪ್ರಪಂಚದಾದ್ಯಂತ 26 ಕೋಟಿ ಡಾಲರ್ ಹತ್ತಿರಹತ್ತಿರ ಬಂತು. ಇನ್ನೊಬ್ಬ ಗಾಯಕಿ ಬಿಯಾನ್ಸೆ ಅವರ ರಿನೈಸಾನ್ಸ್ ಟೂರ್ ಸಿನಿಮಾನೂ ಅದೇ ದಾರಿ ಹಿಡಿದು ಡಿಸೆಂಬರ್ 1ಕ್ಕೆ ಬಂತು.

ಆ ಎರಡೂ ಒಂದೇ ಥರ ಅಲ್ಲ, ಇದು ಹೇಳಲೇಬೇಕು. ಎರಾಸ್ ಶುರುವಿಂದ ಕೊನೆವರೆಗೆ ಬರೀ ಶೋ. ಬಿಯಾನ್ಸೆಯದು ನಡುನಡುವೆ ತೆರೆಮರೆಗೆ ಹೋಗುತ್ತದೆ, ವೇದಿಕೆ ಕಟ್ಟುವವರು, ಮಗಳ ಡ್ಯಾನ್ಸ್ ಅಭ್ಯಾಸ, ಮಂಡಿ ನೋವು. ಹಾಡಿಗೆ ಎದ್ದ ಜನ ಮಾತು ಬಂದಾಗ ಕೂರುತ್ತಾರೆ. ಹಿಂದಿನಸಾಲು ಅವರೇ, ನೀವು ನೋಡಲಿರುವುದು ಯಾವ ಜಾತಿಯದು ಅಂತ ಮೊದಲು ನೋಡಿಕೊಳ್ಳಿ. ಸುಮ್ನೆ ಕೂರುವವರಿಗೆ ಎರಡನೆಯದೇ ವಾಸಿ.

ಅಮ್ಮನೂಫ್ಯಾನ್:
ಮಕ್ಕಳನ್ನ ಕರೆದುಕೊಂಡು ಹೋಗುವವರಿಗೆ ಎರಡು ಮಾತು. ನನ್ನ ಮಗಳಿಗೆ ಏಳು ವರ್ಷ. ಅವಳು ಸೀಟಿನಲ್ಲಿ ಕೂತಿದ್ದು ಜಾಹೀರಾತು ಮುಗಿಯುವವರೆಗೆ. ಆಮೇಲೆ ಪರದೆಯ ಕೆಳಗಿನ ಖಾಲಿ ಜಾಗದಲ್ಲಿ ಗುರುತು ಪರಿಚಯ ಇಲ್ಲದ ಮಕ್ಕಳೆಲ್ಲಾ ಸೇರಿ ಕುಣಿದರು. ಅಪಾಯ ಅಲ್ಲಿಲ್ಲ. ಅಪಾಯ ಇರುವುದು ಮಡಚುವ ಸೀಟಿನ ಮೇಲೆ ನಿಂತಾಗ. ಮಗು ಹಿಂದಕ್ಕೆ ಹೆಜ್ಜೆ ಇಟ್ಟರೆ ಸೀಟು ಮಡಚಿಕೊಳ್ಳುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ. ಪಕ್ಕದ ಮಗುವಿಗೆ ಹಾಗೇ ಆಯಿತು. ಏನೂ ದೊಡ್ಡ ಪೆಟ್ಟಾಗಲಿಲ್ಲ, ಆದರೆ ಅರ್ಧ ಹಾಡು ಅಳು.

ಕಿವಿಗೆ ಇಯರ್‌ಮಫ್ ಹಾಕಿ. ಪರದೆಹಿಂದೆ ಅವರೇ, 7ಕ್ಕೆ ಏರಿಸಿ ಅನ್ನುತ್ತಿದ್ದೀರಿ, ಮಕ್ಕಳ ಕಿವಿ ಕಥೆ ಏನು?

ಪರದೆಹಿಂದೆ:
ನ್ಯಾಯವಾದ ಪ್ರಶ್ನೆ ಮೇಡಂ. ಸಂಗೀತ ನಡೆಯುವ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಮಾನದಂಡ ಹಾಕಿದೆ. 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ. ಸರಿಯಾಗಿ ಟ್ಯೂನ್ ಆದ ಹಾಲ್‌ನಲ್ಲಿ ಸಿನಿಮಾದ ಸರಾಸರಿ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತದೆ. ಆದರೆ ಜನರ ಕಿರುಚಾಟಕ್ಕೆ ನನ್ನ ಹತ್ತಿರ ಗುಂಡಿ ಇಲ್ಲ. ಕಿವಿಯ ಪಕ್ಕದಲ್ಲೇ ಕಿರುಚಿದರೆ ಸ್ಪೀಕರ್‌ಗಿಂತ ಅದೇ ಜೋರು. ಮಕ್ಕಳಿಗೆ ಇಯರ್‌ಮಫ್ ಒಳ್ಳೆಯದೇ. ಪಕ್ಕದ ಗೋಡೆಯ ಸ್ಪೀಕರ್ ಕೆಳಗೆ ಕೂರಿಸಬೇಡಿ.

ಕಿವಿಯಂತ್ರ:
ನಾನು ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುವವನು. ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಈ ಯಂತ್ರಗಳನ್ನ ಮಾಡಿರುವುದು ಮಾತಿಗೆ. ಉದ್ದಕ್ಕೆ ಎಳೆದ ಸ್ವರವನ್ನ ಅದು ಗದ್ದಲ ಅಂತಲೋ, ತನ್ನದೇ ಸೀಟಿ ಅಂತಲೋ ತಿಳಿದು ಅದುಮುತ್ತದೆ. ಸ್ಟೇಡಿಯಂನಲ್ಲಿ ನನಗೆ ಹಾಡು ಹರಿದುಹೋದ ಬಟ್ಟೆ ಥರ ಕೇಳುತ್ತದೆ. ಎಷ್ಟೋ ಯಂತ್ರಗಳಲ್ಲಿ ಸಂಗೀತಕ್ಕೇ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಆಡಿಯಾಲಜಿಸ್ಟ್ ಹತ್ತಿರ ಕೇಳಿ ಹಾಕಿಸಿಕೊಳ್ಳಿ. ಥಿಯೇಟರ್‌ಗೆ ಹೋಗುವಾಗ ಅದನ್ನೇ ಹಾಕಿಕೊಂಡು ಹೋಗುತ್ತೇನೆ.

ಕ್ಯಾಪ್ಷನ್ ಇರುವ ಶೋ ಸಿಕ್ಕರೆ ಬಿಡುವುದಿಲ್ಲ. ಹಾಡಿನ ಸಾಲು ಪರದೆ ಮೇಲೆ ಬರುತ್ತಿರುತ್ತದೆ. ಗಾಯಕಿಯ ಬಾಯಿ ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರ ಬೇರೆಲ್ಲೂ ಕಾಣಲ್ಲ, ತುಟಿ ಓದಬಹುದು. ಬೇಸ್ ಡ್ರಮ್ ಅಂತೂ ಸೀಟಿನ ಕೈಯಲ್ಲಿ ಸಿಗುತ್ತದೆ. ಮೊಣಕೈ ಊರಿ ಕೂತರೆ ಒಂದೊಂದು ಹೊಡೆತವೂ ಬೇರೆ ಬೇರೆಯಾಗಿ ತಿಳಿಯುತ್ತದೆ. ಸುತ್ತ ಜನ ಹಾಡಿದರೆ ನನಗೆ ತೊಂದರೆ ಅಲ್ಲ. ಎದ್ದು ಅಡ್ಡ ನಿಂತರೆ ಮಾತ್ರ ಕ್ಯಾಪ್ಷನ್ ಹೋಯಿತು, ತುಟಿ ಹೋಯಿತು, ಎಲ್ಲಾ ಹೋಯಿತು. ದಯವಿಟ್ಟು ನಿಲ್ಲುವವರು ಹಿಂದಿನ ಸಾಲಿಗೋ, ಬದಿಗೋ ಹೋಗಿ ನಿಲ್ಲಿ.

ಗೀಜಗ:
ಇದನ್ನ ನಾನು ಯೋಚನೆ ಮಾಡಿರಲಿಲ್ಲ ಸಾರ್. ಇನ್ನು ಮೇಲೆ ಕುಣಿಯೋಕೆ ಬದಿಯ ಸೀಟನ್ನೇ ಹಿಡಿಯುತ್ತೇನೆ.

ತಾಳತಪ್ಪಿದವ:
ಆಹಾ, ನಾನು ಹೇಳಿದಾಗ ಶಿಳ್ಳೆ ಕಥೆ ಹೇಳಿದಿರಿ!

ನಕ್ಷತ್ರದೀಪ:
ಕೊರಿಯಾದ ಪಾಪ್ ತಂಡ ಬಿಟಿಎಸ್‌ನ ಫ್ಯಾನ್‌ಗಳ ಪರವಾಗಿ ಒಂದು ಕಥೆ. 2022ರ ಮಾರ್ಚ್ 12ಕ್ಕೆ ಸೋಲ್‌ನಲ್ಲಿ ನಡೆದ ಅವರ ಶೋವನ್ನ ಬೇರೆ ಬೇರೆ ದೇಶಗಳ ಥಿಯೇಟರ್‌ಗಳಲ್ಲಿ ತೋರಿಸಿದ್ದರು. ಕೋವಿಡ್ ನಿಯಮ ಇನ್ನೂ ಇದ್ದ ಕಾಲ. ಸ್ಟೇಡಿಯಂ ಒಳಗೆ ಇದ್ದವರು ಕೂಗುವಂತಿರಲಿಲ್ಲ, ಎದ್ದು ನಿಲ್ಲುವಂತಿರಲಿಲ್ಲ. ಚಪ್ಪಾಳೆಯ ಪಟ್ಟಿ ಬಡಿದು ಖುಷಿ ತೋರಿಸಬೇಕಿತ್ತು. ನಾನು ಕೂತಿದ್ದ ಥಿಯೇಟರ್‌ನಲ್ಲಿ ಆ ನಿಯಮ ಇರಲಿಲ್ಲ. ಅಂದರೆ ಶೋ ನಡೆಯುತ್ತಿದ್ದ ಜಾಗದಲ್ಲಿ ಬಾಯಿ ಮುಚ್ಚಿದ್ದರು, ಸಾವಿರಾರು ಮೈಲಿ ದೂರದಲ್ಲಿ ನಾವು ಗಂಟಲು ಹರಿಯುವ ಹಾಗೆ ಕೂಗಿದೆವು. ಅವರ ಪರವಾಗಿ ನಾವು ಕೂಗುತ್ತಿದ್ದೇವೆ ಅಂತಲೇ ಅನಿಸಿತ್ತು.

ತಾಳತಪ್ಪಿದವರ ಪ್ರಶ್ನೆಗೆ ಇದೇ ನನ್ನ ಉತ್ತರ. ನಾವು ಕೂಗುವುದು ಪರದೆಗಲ್ಲ, ಪಕ್ಕದಲ್ಲಿ ಇರುವವರಿಗೆ. ಮನೆಯಲ್ಲಿ ಈ ಹುಚ್ಚು ನನಗೊಬ್ಬಳಿಗೇ. ಅಲ್ಲಿ ಹಾಲ್ ಪೂರ್ತಿ ನನ್ನ ಥರದವರೇ. ಫ್ಯಾನ್‌ಗಳು ಕೈಯಲ್ಲಿ ಹಿಡಿಯುವ ಲೈಟ್‌ಸ್ಟಿಕ್‌ಗಳು ಸ್ಟೇಡಿಯಂನಲ್ಲಿ ತಾವಾಗಿಯೇ ಒಟ್ಟಿಗೆ ಬಣ್ಣ ಬದಲಿಸುತ್ತವೆ. ಥಿಯೇಟರ್‌ನಲ್ಲಿ ಆ ವ್ಯವಸ್ಥೆ ಇರಲಿಲ್ಲ, ಕೈಯಲ್ಲೇ ಒತ್ತಿ ಬದಲಿಸಬೇಕು. ಒಂದು ಸಾಲು ನೇರಳೆ ಆದರೆ ಇನ್ನೊಂದು ಸಾಲು ಇನ್ನೂ ಬಿಳಿ. ನಮ್ಮ ಸಾಲಿನವರಿಗೆ ಹಿಂದಿನಿಂದ ಒಬ್ಬಳು "ನೇರಳೆ, ನೇರಳೆ!" ಅಂತ ಕೂಗಿ ಹೇಳುತ್ತಿದ್ದಳು.

ತಾಳತಪ್ಪಿದವ:
ಈ ಉತ್ತರ ಒಪ್ಪಿದೆ. ಪಕ್ಕದವರಿಗೆ ಅಂದರೆ ಅರ್ಥ ಆಗುತ್ತದೆ. ನಮ್ಮ ಹಾಲ್‌ನಲ್ಲೂ ತಂಗಿಯ ಮುಖ ನೋಡಿ ನಾನು ಎದ್ದು ಹೋಗದೆ ಕೂತಿದ್ದೆ ಅನ್ನಿ.

ಹಳೇರೀಲು:
ವಯಸ್ಸಾದವನ ಒಂದು ತಕರಾರು. ಈಗಿನ ಕನ್ಸರ್ಟ್ ಸಿನಿಮಾಗಳಲ್ಲಿ ನಿಮಿಷಕ್ಕೊಮ್ಮೆ ಅಳುವ ಹುಡುಗಿಯ ಮುಖ ತೋರಿಸುತ್ತಾರೆ. ನಾನು ಯಾವಾಗ ಅಳಬೇಕು ಅಂತ ಸಿನಿಮಾನೇ ಹೇಳಿಕೊಡಬೇಕಾ? 1984ರಲ್ಲಿ ಜೊನಾಥನ್ ಡೆಮಿ ಅವರು ಟಾಕಿಂಗ್ ಹೆಡ್ಸ್ ಅನ್ನೋ ರಾಕ್ ತಂಡದ ಮೇಲೆ 'ಸ್ಟಾಪ್ ಮೇಕಿಂಗ್ ಸೆನ್ಸ್' ಮಾಡಿದಾಗ ಹೆಚ್ಚುಕಮ್ಮಿ ಕೊನೆಯ ತನಕ ಪ್ರೇಕ್ಷಕರ ಮುಖ ಸರಿಯಾಗಿ ತೋರಿಸಲೇ ಇಲ್ಲ. ವೇದಿಕೆಯಲ್ಲಿ ಮೊದಲು ಒಬ್ಬ, ಒಂದು ಗಿಟಾರ್, ಒಂದು ಟೇಪ್ ರೆಕಾರ್ಡರ್. ಒಂದೊಂದು ಹಾಡಿಗೆ ಒಬ್ಬೊಬ್ಬರು ಬಂದು ಸೇರುತ್ತಾರೆ. ಜನ ಕಾಣದೆ ಇರುವುದರಿಂದ ಜನ ನೀವೇ ಆಗುತ್ತೀರಿ. 2023ರಲ್ಲಿ ಅದನ್ನ ಹೊಸದಾಗಿ ಶುದ್ಧ ಮಾಡಿ ಮತ್ತೆ ಬಿಟ್ಟಾಗ ಹೋಗಿ ನೋಡಿದೆ. ನನ್ನ ವಯಸ್ಸಿನವರೇ ಎದ್ದು ಕುಣಿದರು. ಯಾರೂ ಕುಣಿಯಿರಿ ಅಂತ ಹೇಳಿರಲಿಲ್ಲ.

ಹಾಗೇ ಇನ್ನೊಂದು ಕೊನೆ. ಮೈಕಲ್ ಜಾಕ್ಸನ್ ತೀರಿಕೊಂಡಿದ್ದು 2009ರ ಜೂನ್‌ನಲ್ಲಿ. ಲಂಡನ್ ಶೋಗಳಿಗೆ ಮಾಡಿಕೊಳ್ಳುತ್ತಿದ್ದ ಅಭ್ಯಾಸದ ದೃಶ್ಯಗಳನ್ನ ಸೇರಿಸಿ ಮಾಡಿದ ಸಿನಿಮಾ ಅಕ್ಟೋಬರ್‌ನಲ್ಲಿ ಬಂತು. ಎದುರಿನ ಸೀಟುಗಳು ಖಾಲಿ, ಹಾಡುತ್ತಿರುವವರು ಇಲ್ಲ. ನಾನಿದ್ದ ಹಾಲ್‌ನಲ್ಲಿ ಎಲ್ಲರಿಗೂ ಹಾಡು ಬಾಯಿಪಾಠ, ಆದರೂ ಯಾರೂ ಬಾಯಿ ತೆರೆಯಲಿಲ್ಲ.

ಮೇಲಿನಮೆಟ್ಟಿಲು:
ಅಳುವ ಮುಖದ ಮಾತು ನಿಜ. ಆದರೆ ಪೂರ್ತಿ ತೆಗೆದುಬಿಟ್ಟರೂ ಕಷ್ಟ ಸರ್. ಸ್ಟೇಡಿಯಂ ಪಾಪ್ ಅಂದರೆ ಅರ್ಧ ಜನಸಾಗರವೇ. ಹತ್ತಾರು ಸಾವಿರ ಜನ ಒಂದೇ ಸಾಲು ಹಾಡುವುದನ್ನ ತೋರಿಸದೆ ಆ ಶೋ ಹೇಗೆ ಹೇಳುತ್ತೀರಿ? ನನಗೆ ಬೇಜಾರಾಗುವುದು ಬೇರೆ, ಕಟಿಂಗ್. ಎರಡೆರಡು ಸೆಕೆಂಡಿಗೆ ಶಾಟ್ ಬದಲಿಸುತ್ತಾರೆ. ಒಂದು ಡ್ಯಾನ್ಸ್ ಸ್ಟೆಪ್ ತಲೆಯಿಂದ ಕಾಲವರೆಗೆ ಪೂರ್ತಿ ನೋಡೋಣ ಅಂದರೆ ಬಿಡಲ್ಲ.

ಹಳೇರೀಲು:
ಇದಕ್ಕೆ ನನ್ನದೂ ಒಂದು ಓಟು.

ಹಿಂದಿನಸಾಲು:
ಇಷ್ಟೆಲ್ಲಾ ಓದಿ ಹೋಗುವುದು ಅಂತ ಗಟ್ಟಿ ಮಾಡಿದೆ. ಮೊದಲ ವಾರಾಂತ್ಯ ಬಿಟ್ಟು ಎರಡನೇ ವಾರ, ಬೆಳಗಿನ ಶೋ ಹೋದರೆ ಕಮ್ಮಿ ಗಲಾಟೆ ಇರುತ್ತದೆ ಅಲ್ವಾ?

ಪರದೆಹಿಂದೆ:
ಎರಡನೇ ವಾರ ಇರುತ್ತೆ ಅಂತ ನಂಬಿಕೊಳ್ಳಬೇಡಿ. ಇಂಥ ಸಿನಿಮಾಗಳು ಎಷ್ಟೋ ಸಲ ಬರೀ ಒಂದು ವಾರಾಂತ್ಯಕ್ಕೆ ಬಂದು ಹೋಗುತ್ತವೆ. ಎರಾಸ್ ಕೂಡ ಅಮೆರಿಕದಲ್ಲಿ ಗುರುವಾರದಿಂದ ಭಾನುವಾರದ ತನಕ ಮಾತ್ರ ಓಡುತ್ತಿತ್ತು. ಬುಕಿಂಗ್ ತೆರೆದ ದಿನವೇ ಎಷ್ಟು ದಿನದ ಶೋ ಇದೆ ನೋಡಿ. ಇರುವುದರಲ್ಲಿ ಬೆಳಗಿನದು ಹಿಡಿಯಿರಿ. ಸಂಜೆ ಮತ್ತು ರಾತ್ರಿ ಶೋ ಕುಣಿಯುವವರದು. 'ಸಿಂಗ್ ಅಲಾಂಗ್' (ಎಲ್ಲರೂ ಜೊತೆಗೆ ಹಾಡುವ ಶೋ) ಅಂತ ಹಾಕಿದ್ದರೆ ಆ ಕಡೆ ತಲೆ ಹಾಕಬೇಡಿ.

ಇನ್ನೊಂದು ಎಲ್ಲರಿಗೂ: ಮೊಬೈಲ್‌ನಲ್ಲಿ ಪರದೆಯನ್ನ ರೆಕಾರ್ಡ್ ಮಾಡಬೇಡಿ. ಅದು ಪೈರಸಿ, ಸಿಬ್ಬಂದಿ ಆಚೆ ಕಳಿಸಬಹುದು. ಟಾರ್ಚ್ ಬೀಸುವುದು ಚೆಂದ ಕಾಣುತ್ತದೆ ನಿಜ, ಆದರೆ ಪರದೆಯ ಕಡೆ ತಿರುಗಿಸಿ ಹಿಡಿದರೆ ಕಪ್ಪು ಬಣ್ಣವೆಲ್ಲಾ ಬೂದು ಬಣ್ಣ ಆಗುತ್ತದೆ.

ಅಮ್ಮನೂಫ್ಯಾನ್:
ಟಾಯ್ಲೆಟ್ ವಿಷಯ ಯಾರೂ ಹೇಳಲಿಲ್ಲ. ಟೂರ್‌ನ ಹಾಡಿನ ಪಟ್ಟಿ ಮೊದಲೇ ನೋಡಿಟ್ಟುಕೊಂಡು, ನಿಮಗೆ ಅಷ್ಟಾಗಿ ಇಷ್ಟ ಇಲ್ಲದ ಹಾಡಿಗೆ ಎದ್ದು ಹೋಗಿ. ನಿಧಾನದ ಹಾಡು ಬಂತು ಅಂತ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಆಗ ಆಚೆ ಕ್ಯೂ.

ಹಿಂದಿನಸಾಲು:
ಬುಕಿಂಗ್ ಇವತ್ತು ತೆರೆಯಿತು. ಮೂರೇ ದಿನದ ಶೋ. ಶನಿವಾರ ಬೆಳಗಿನದು, ಪರದೆಹಿಂದೆ ಅವರು ಹೇಳಿದ ಜಾಗದಲ್ಲೇ, ನಟ್ಟನಡುವೆ ಸಿಕ್ಕಿತು. ಕ್ಯಾಪ್ಷನ್ ಇರುವ ಶೋನೂ ಒಂದು ಇದೆ, ಭಾನುವಾರ ಮಧ್ಯಾಹ್ನ. ಕಿವಿಯಂತ್ರ ಅವರು ಗಮನಿಸಿ.

ಕಿವಿಯಂತ್ರ:
ಥ್ಯಾಂಕ್ಸ್ ಕಣ್ರೀ. ಈಗಲೇ ನೋಡುತ್ತೇನೆ.

ತಾಳತಪ್ಪಿದವ:
ತಂಗಿ ಇದಕ್ಕೂ ಟಿಕೆಟ್ ತೆಗೆದಿದ್ದಾಳೆ, ನನ್ನನ್ನ ಕೇಳದೇನೇ. ಅದೂ ಶನಿವಾರ ಬೆಳಿಗ್ಗೆ. ಗೀಜಗ ಅವರೇ, ನಿಮ್ಮದು ಯಾವ ಶೋ? ಸುಮ್ನೆ ಕೇಳಿದೆ.

ಗೀಜಗ:
ಶನಿವಾರ ಬೆಳಿಗ್ಗೆನೂ ಇದೆ, ರಾತ್ರಿನೂ ಇದೆ. ಬೆಳಿಗ್ಗೆ ಕೂತು ನೋಡೋಕೆ, ರಾತ್ರಿ ಎದ್ದು ನೋಡೋಕೆ. ಹೆದರಬೇಡಿ, ಬದಿಯ ಸೀಟು.